ಪದಚರ್ಚೆ: ಬಣ್ಣ ತುಂಬುವ ಪುಸ್ತಕದ ‘ಆಟಮ್’ಗೆ ‘ಹಣ್ಣೆಲೆಗಾಲ’ ನಡೆದೀತೆ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳದಲ್ಲಿ ಚಿತ್ರಕಲೆ ಹೇಳಿಕೊಡುವವನು. ಸಂಜೆ ತರಗತಿಗೆ ಬರುವವರಲ್ಲಿ ನಿವೃತ್ತ ಶಿಕ್ಷಕಿಯರು, ಮನೆವಾರ್ತೆ ನೋಡುವ ತಾಯಂದಿರು ಹೆಚ್ಚು. ಈ ಸಲ ಎಲ್ಲರೂ ಕೂಡಿ ಒಂದು ಬಣ್ಣ ತುಂಬುವ ಪುಸ್ತಕ ತರಿಸಿದ್ದಾರೆ. ಪುಟಪುಟದಲ್ಲೂ ಮೇಪಲ್ ಎಲೆ, ಓಕ್ ಕಾಯಿ, ಕುಂಬಳಕಾಯಿ, ಅಣಬೆ. ಯಾವ ಸಾಮಾನು ಕೊಳ್ಳಬೇಕೆಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲು ಕೂತರೆ, ಒಂದೊಂದು ಸಾಲಿಗೂ ಒಂದೊಂದು ಪದ ಅಡ್ಡ ಬರುತ್ತಿದೆ.

ಮೊದಲು ಹೆಸರು. ‘ವಯಸ್ಕರ ಬಣ್ಣದ ಪುಸ್ತಕ’ ಎಂದು ಬರೆದರೆ ಅರ್ಧ ಜನಕ್ಕೆ ಸಿನಿಮಾ ಪೋಸ್ಟರ್ ನೆನಪಾಗುತ್ತದೆ, ಉಳಿದರ್ಧಕ್ಕೆ ರಾತ್ರಿ ಶಾಲೆ. ‘ದೊಡ್ಡವರಿಗೆ’ ಎಂದು ಹಾಕಿ ಮುಗಿಸಿದ್ದೇನೆ, ಅದರಲ್ಲಿ ಚರ್ಚೆ ಬೇಡ.

ತೊಡಕಿರುವುದು ‘ಆಟಮ್’ನಲ್ಲಿ, ಅಂದರೆ ಯುರೋಪ್-ಅಮೆರಿಕದ ಕಡೆ ಎಲೆ ಬಣ್ಣ ತಿರುಗಿ ಉದುರುವ ಕಾಲದ ಇಂಗ್ಲಿಷ್ ಹೆಸರಿನಲ್ಲಿ. ನಿಘಂಟು ಶರತ್ಕಾಲ ಎನ್ನುತ್ತದೆ. ತಿಂಗಳ ಲೆಕ್ಕ ಸರಿಯೇ, ಆಶ್ವಯುಜ-ಕಾರ್ತಿಕ ಅವರ ಸೆಪ್ಟೆಂಬರ್-ನವೆಂಬರಿಗೆ ಹೆಚ್ಚುಕಡಿಮೆ ಕೂಡುತ್ತದೆ. ಆದರೆ ನಮ್ಮ ಕಾವ್ಯದ ಶರತ್ತೆಂದರೆ ತಿಳಿಯಾದ ಆಕಾಶ, ಬೆಳ್ದಿಂಗಳು, ಬಗ್ಗಡ ಇಳಿದ ಹೊಳೆ. ಆಗ ಗಂಗಾವತಿ ಕಡೆ ಭತ್ತದ ಗದ್ದೆ ಇನ್ನೂ ಹಸಿರಾಗಿಯೇ ಇರುತ್ತದೆ. ಎಲೆ ಉದುರಿಸುವ ಋತು ನಮಗೆ ಶಿಶಿರ. ನಮ್ಮ ಬೀದಿಯ ಬೇವು, ಅರಳಿ ಬೋಳಾಗುವುದು ಶಿವರಾತ್ರಿಯ ಆಸುಪಾಸು. ಹಾಗಂತ ಮೇಪಲ್ ಚಿತ್ರಕ್ಕೆ ‘ಶಿಶಿರ’ ಎಂದರೆ ಓದುವವರು ಚಳಿ ಎಂದುಕೊಳ್ಳುತ್ತಾರೆ. ‘ಮಾಗಿ’ಗೂ ಅದೇ ಗತಿ. ತರಗತಿಯ ಹಿರಿಯ ತಾಯಿಯೊಬ್ಬರು, “ಹಣ್ಣೆಲಿ ಚಿತ್ರ ಅಂತ ಬರದ್ರ ಆತಲ್ರಿ ಸರ, ಕಾಲದ ಹೆಸರು ಯಾಕ?” ಅಂದರು. ಚಿಗುರು, ಎಲೆ, ಹಣ್ಣೆಲೆ, ತರಗೆಲೆ ಎಂದು ಎಲೆಯ ವಯಸ್ಸಿಗೆಲ್ಲ ನಮ್ಮಲ್ಲಿ ಹೆಸರಿರುವಾಗ, ಮಳೆಗಾಲ-ಚಳಿಗಾಲದ ಸಾಲಿಗೆ ‘ಹಣ್ಣೆಲೆಗಾಲ’ವನ್ನೂ ಸೇರಿಸಬಹುದೆ? ನನಗಂತೂ ಹಿಡಿಸಿದೆ. ಕಿವಿಗೆ ಒಗ್ಗದಿದ್ದರೆ ಹೇಳಿ.

ಹಣ್ಣೆಲೆ ಎಂದರೆ ಕೆಲಸದ ಕ್ರಮವೂ ಹೊಳೆಯುತ್ತದೆ. ಎಲೆಯಲ್ಲಿ ಹಳದಿ ಮೊದಲೇ ಇರುತ್ತದೆ, ಪತ್ರಹರಿತ್ತು ಕಡಿಮೆಯಾದಾಗ ಕಾಣಿಸಿಕೊಳ್ಳುತ್ತದೆ. ಮೇಪಲ್‌ನಂಥ ಮರದಲ್ಲಿ ಕೆಂಪು ಹುಟ್ಟುವುದು ಆಮೇಲೆ. ಪೆನ್ಸಿಲ್ಲೂ ಹಾಗೇ ಸಾಗಬೇಕು: ಇಡೀ ಎಲೆಗೆ ತೆಳುವಾಗಿ ಹಳದಿ, ಅಂಚಿನಿಂದ ಒಳಕ್ಕೆ ಕಿತ್ತಳೆ, ಅದರ ಮೇಲೆ ಕೆಂಪು, ಕಡೆಗೆ ನರಗಳ ಬದಿಗೆ ಕಂದು. ಒತ್ತಿ ಹಚ್ಚಿದರೆ ಎರಡನೇ ಪದರಕ್ಕೇ ಕಾಗದ ಬಣ್ಣ ಹಿಡಿಯುವುದನ್ನು ನಿಲ್ಲಿಸುತ್ತದೆ. ಕಾಗದದ ಈ ಹಿಡಿಯುವ ಗುಣಕ್ಕೆ ಇಂಗ್ಲಿಷಿನವರು ‘ಹಲ್ಲು’ ಎನ್ನುತ್ತಾರೆ, ನಾನು ‘ತರಿ’ ಎಂದು ಬರೆದಿದ್ದೇನೆ. ತೀರ ನುಣುಪು ಕಾಗದಕ್ಕೆ ತರಿ ಇಲ್ಲ ಎಂದರೆ ಯಾರಿಗಾದರೂ ತಿಳಿಯುತ್ತದೆ.

ಮೇಣ ಮೂಲದ ಬಣ್ಣದ ಪೆನ್ಸಿಲ್ ಮೆತ್ತಗೆ, ಬಣ್ಣ ಬೇಗ ಬಿಡುತ್ತದೆ. ಆದರೆ ದಟ್ಟವಾಗಿ ಹಚ್ಚಿದ ಪುಟದ ಮೇಲೆ ದಿನ ಕಳೆದಂತೆ ಬೆಳ್ಳನೆಯ ಮಬ್ಬು ಏಳಬಹುದು. “ಬೂದಿ ಬಂದೈತ್ರಿ” ಅನ್ನುತ್ತಾರೆ ನಮ್ಮವರು. ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಇದಕ್ಕೆ ‘ಮೇಣಮಬ್ಬು’ ಎಂದು ಕಟ್ಟಿದ್ದೆ, ಈಗ ‘ಬೂದಿ’ಯೇ ವಾಸಿ ಅನಿಸುತ್ತಿದೆ. ಎಣ್ಣೆ ಮೂಲದ ಪೆನ್ಸಿಲ್‌ಗೆ, ಫೇಬರ್-ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್ ಅಂಥದ್ದು, ಈ ಕಾಟ ಇಲ್ಲ. ಮೊನೆಯೂ ಗಟ್ಟಿ, ಎಲೆಯ ನರಕ್ಕೆ ಹೇಳಿ ಮಾಡಿಸಿದ್ದು. ದುಡ್ಡು ಮಾತ್ರ ಜಾಸ್ತಿ. ಆಲ್ಕೋಹಾಲ್ ಮಾರ್ಕರ್ ಈ ಪುಸ್ತಕಕ್ಕೆ ಬೇಡವೆಂದೇ ಬರೆದಿದ್ದೇನೆ, ತೆಳು ಕಾಗದದಲ್ಲಿ ಶಾಯಿ ಇಳಿದು ಹಿಂಬದಿಯ ಪುಟದ ಚಿತ್ರ ಕೆಟ್ಟಿತೆಂದೇ ಲೆಕ್ಕ. ಗೆರೆ ದಾಟಿ ಪಕ್ಕಕ್ಕೆ ಹೋಗುವುದಕ್ಕೆ ‘ಹಬ್ಬು’, ಹಿಂಬದಿಗೆ ಹೋಗುವುದಕ್ಕೆ ‘ಇಳಿ’ ಎಂದು ಬೇರೆ ಮಾಡಿದ್ದೇನೆ.

ಇನ್ನು ಬಣ್ಣದ ಹೆಸರು. ಡಬ್ಬಿಯ ಮೇಲೆ ‘ಬರ್ನ್ಟ್ ಸಿಯೆನಾ’ ಎಂದಿರುತ್ತದೆ. ಸಿಯೆನಾ ಇಟಲಿಯ ಊರು. ಆ ಹೆಸರಿನ ಹಳದಿ-ಕಂದು ಮಣ್ಣನ್ನು ಸುಟ್ಟರೆ ಕೆಂಪೇರುತ್ತದೆ. ಕಬ್ಬಿಣದ ಅಂಶವಿರುವ ಮಣ್ಣಿನ ಗುಣವದು. ಸಂಡೂರಿನ ಅದಿರು ಲಾರಿ ಹೋದ ರಸ್ತೆ ನೋಡಿದವರಿಗೆ ಆ ಕೆಂಪನ್ನು ಇಟಲಿಯಿಂದ ತರಿಸಬೇಕಿಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬಂಡೆಚಿತ್ರಗಳೂ ಕೆಮ್ಮಣ್ಣಿನವೇ. ನಮ್ಮಲ್ಲಿ ಕಾವಿ, ಜಾಜು, ಕೆಮ್ಮಣ್ಣು ಮೂರೂ ಬಳಕೆಯಲ್ಲಿವೆ. ಒಬ್ಬರು ಕಾವಿಯೆಂದರೆ ಸನ್ಯಾಸಿಯ ಬಟ್ಟೆಯ ಬಣ್ಣ, ಜಾಜು ಅದಕ್ಕಿಂತ ಕಡುಗೆಂಪು ಎನ್ನುತ್ತಾರೆ. ಇನ್ನೊಬ್ಬರಿಗೆ ಎರಡೂ ಒಂದೇ. ನಿಮ್ಮ ಊರ ಕಡೆ ಹೇಗೆ? ಹಳದಿ ಮಣ್ಣಿನ ಬಣ್ಣದ ‘ಯೆಲ್ಲೊ ಓಕರ್’ ಪೆನ್ಸಿಲ್ಲಿಗೆ ‘ಹಳದಿ ಕಾವಿ’ ಎಂದರೆ ನಗುತ್ತೀರಾ?

ಕೊನೆಯದು, ಬಣ್ಣದ ಮೇಲೆ ಬಣ್ಣ ಒಣಗೈಯಲ್ಲೇ ಬೆರೆಸುವ ಕೆಲಸ. ‘ಕಲಸು’, ‘ಬೆರೆಸು’ ಎರಡಕ್ಕೂ ನೀರಿನ ವಾಸನೆ ಇದೆ. ಕಾಡಿಗೆ ತೀಡುವ, ಹುಬ್ಬು ತೀಡುವ ‘ತೀಡು’ ಹತ್ತಿರ ಬರುತ್ತದೆ. ಬಿಳಿ ಪೆನ್ಸಿಲ್ ಒತ್ತಿ ಉಜ್ಜಿ ಮೆರುಗು ತರುವುದಕ್ಕೆ ಮತ್ತೊಂದು ಪದ ಬೇಕು. ಕಿನ್ನಾಳದ ಗೊಂಬೆ ಕೆಲಸದ ಮನೆಗಳ ಒಡನಾಟ ಇರುವವರು ಬಳಗದಲ್ಲಿದ್ದರೆ, ಗೊಂಬೆಗೆ ಹೊಳಪು ಕೊಡುವಾಗ ಅಲ್ಲಿನವರು ಬಳಸುವ ಕ್ರಿಯಾಪದವನ್ನು ಅವರು ಆಡುವ ಹಾಗೇ ಬರೆದು ಕಳಿಸಿ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.