ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳಾದರೂ ತೊಡೆ ಬಿಗಿಯುತ್ತಿಲ್ಲ. ಏಪ್ರಿಲ್‌ನಲ್ಲಿ ಹಾಕಿ ಆಡಬಹುದೇ?

ಪ್ರಶ್ನೆ: ಬಲಬದಿಯ ಹಾಫ್, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಏಪ್ರಿಲ್‌ನಲ್ಲಿ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ನಮ್ಮ ಒಕ್ಕದ (ಕೊಡವ ಮನೆತನದ) ತಂಡದ ಪರವಾಗಿ ಆಡುತ್ತಿದ್ದೆ. ಎದುರಾಳಿಯ ಮೈ ಸೋಕುವುದಕ್ಕೂ ಮೊದಲೇ, ಓಡುತ್ತಿದ್ದವನು ಗಕ್ಕನೆ ನಿಂತು ಎಡಕ್ಕೆ ಹೊರಳುವಷ್ಟರಲ್ಲಿ ಬಲ ಮಂಡಿಯೊಳಗೆ ‘ಪಟ್’ ಎಂದಿತು. ಸಂಜೆಯೊಳಗೆ ಮಂಡಿ ಊದಿ ಚಕ್ಕೋತದಂತಾಯಿತು. ಮಂಡಿಯೊಳಗೆ ತೊಡೆಯ ಮೂಳೆಯನ್ನೂ ಅದರ ಕೆಳಗಿನ ಕಾಲಿನ ಮೂಳೆಯನ್ನೂ ಬಿಗಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ಹರಿದಿದೆಯೆಂದು ಎಂಆರ್‌ಐ ಪರೀಕ್ಷೆಯಲ್ಲಿ ತಿಳಿಯಿತು. ಮಳೆಗಾಲದ ತೋಟದ ಕೆಲಸ, ಹಣದ ಹೊಂದಾಣಿಕೆ ಎಂದೆಲ್ಲ ಕಳೆದು ಶಸ್ತ್ರಚಿಕಿತ್ಸೆ ಅಕ್ಟೋಬರ್‌ಗೆ ಹೋಯಿತು. ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು ಹೊಸ ಲಿಗಮೆಂಟ್ ಕಟ್ಟಿದ್ದಾರೆ.

ಈಗ ಐದು ತಿಂಗಳು ತುಂಬಿದೆ. ನೋವು ಇಲ್ಲವೆಂದೇ ಹೇಳಬೇಕು, ಮಂಡಿ ಪೂರ್ತಿ ಮಡಚುತ್ತದೆ, ಬೈಕ್ ಓಡಿಸುತ್ತೇನೆ. ಎರಡನೆಯ ತಿಂಗಳಿನಲ್ಲೇ, ಮಂಡಿ ಮಡಚುತ್ತಿದೆಯಲ್ಲ, ಇನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದು ಫಿಸಿಯೋಥೆರಪಿ ನಿಲ್ಲಿಸಿದರು. ಆದರೆ ಕಾಲು ಚಾಚಿ ಕುಳಿತು ಎರಡೂ ತೊಡೆಗಳನ್ನು ಬಿಗಿಹಿಡಿದರೆ, ಎಡಗಾಲಿನಲ್ಲಿ ಮಂಡಿಚಿಪ್ಪಿನ ಮೇಲೆ, ಒಳಮಗ್ಗುಲಿಗೆ, ಸ್ನಾಯು ಉಂಡೆಗಟ್ಟಿ ಮೇಲೇಳುತ್ತದೆ. ಬಲಗಾಲಿನಲ್ಲಿ ಅದೇ ಜಾಗ ನಾದಿದ ಹಿಟ್ಟಿನಂತೆ ಮೆತ್ತಗೆ ಉಳಿಯುತ್ತದೆ. ಅಮ್ಮನ ಹೊಲಿಗೆಯ ಟೇಪಿನಿಂದ ಅಳೆದಾಗ ಬಲತೊಡೆಯ ಸುತ್ತಳತೆ ಮೂರೂವರೆ ಸೆಂಟಿಮೀಟರ್ ಕಡಿಮೆ ಬಂದಿತು. ಐನ್‌ಮನೆಯಿಂದ (ಮನೆತನದ ಮೂಲಮನೆಯಿಂದ) ಗದ್ದೆಗೆ ಇಳಿಯುವ ಮೆಟ್ಟಿಲುಗಳಲ್ಲಿ ಮಂಡಿ ಆಗಾಗ ಕೈಕೊಡುತ್ತದೆ. ಸಂಜೆಯ ಹೊತ್ತಿಗೆ ಸ್ವಲ್ಪ ಊತವೂ ಕಾಣಿಸುತ್ತದೆ.

ಮನೆಯವರು ಇದನ್ನು ನನ್ನ ಸೋಮಾರಿತನವೆಂದೇ ತಿಳಿದಿದ್ದಾರೆ. ಸ್ನಾಯುವಿಗೆ ಪೆಟ್ಟೇ ಬೀಳದಿರುವಾಗ ಅದು ಏಕೆ ಬಿಗಿಯುವುದಿಲ್ಲ? ಆರು ತಿಂಗಳಾದರೆ ಆಡಬಹುದೆಂದು ಅನೇಕರು ಹೇಳುತ್ತಾರೆ; ಸಂಶೋಧನೆಗಳು ಏನು ಹೇಳುತ್ತವೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಫಿಸಿಯೋ, ವಿರಾಜಪೇಟೆ

ಮೊದಲಿಗೆ, ಇದು ಸೋಮಾರಿತನವಲ್ಲವೆಂದು ಮನೆಯವರಿಗೆ ತಿಳಿಸಿ. ಮಂಡಿಯ ಕೀಲಿಗೆ ಪೆಟ್ಟು ಬಿದ್ದಾಗ ಅದರ ಸುತ್ತಲಿನ ಸ್ನಾಯುವಿಗೆ, ಮುಖ್ಯವಾಗಿ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ಗೆ, ಹೋಗಬೇಕಾದ ನರಸಂದೇಶವನ್ನು ಬೆನ್ನುಹುರಿಯೇ ತಡೆಹಿಡಿಯುತ್ತದೆ. ಕೀಲಿನೊಳಗಿನ ಊತ ಮತ್ತು ಹರಿದ ಲಿಗಮೆಂಟ್‌ನಲ್ಲಿದ್ದ ನರತುದಿಗಳ ಹಾನಿಯಿಂದಾಗಿ ಬೆನ್ನುಹುರಿಗೆ ತಪ್ಪು ಸುದ್ದಿ ತಲುಪುತ್ತದೆ. ಆ ಸುದ್ದಿಯನ್ನು ನಂಬಿ ಅದು ಸ್ನಾಯುವಿನ ಚಾಲಕ ನರಕೋಶಗಳನ್ನು ಅದುಮಿಡುತ್ತದೆ. ನೀವು ಎಷ್ಟೇ ಮನಸ್ಸಿಟ್ಟು ಬಿಗಿಹಿಡಿದರೂ ಅಪ್ಪಣೆಯ ಒಂದು ಪಾಲು ದಾರಿಯಲ್ಲೇ ನಿಂತುಹೋಗುತ್ತದೆ.

ಇದು ಊಹೆಯಲ್ಲ. ಪೆಟ್ಟೇ ಬೀಳದ, ಆರೋಗ್ಯವಂತರ ಮಂಡಿಯೊಳಗೆ ಸೂಜಿಯಿಂದ ಉಪ್ಪುನೀರು ತುಂಬಿ ಪರೀಕ್ಷಿಸಿದ್ದಾರೆ. 1984ರಲ್ಲಿ ಪ್ರಕಟವಾದ ಇಂಥದೊಂದು ಅಧ್ಯಯನದಲ್ಲಿ, ಮಂಡಿಚಿಪ್ಪಿನ ಒಳಮಗ್ಗುಲಿನ ವಾಸ್ಟಸ್ ಮೀಡಿಯಾಲಿಸ್ ಸ್ನಾಯುವಿನ ಪ್ರತಿವರ್ತನೆ ಕುಗ್ಗುವುದಕ್ಕೆ ಕೇವಲ 20ರಿಂದ 30 ಮಿಲಿಲೀಟರ್ ದ್ರವ ಸಾಕಾಯಿತು. ಹೊರಮಗ್ಗುಲಿನ ಮತ್ತು ನಡುವಿನ ಭಾಗಗಳಿಗೆ 50ರಿಂದ 60 ಮಿಲಿಲೀಟರ್ ಬೇಕಾಯಿತು. ಮೂವತ್ತು ಮಿಲಿಲೀಟರ್ ಎಂದರೆ ನಮ್ಮ ಕಾಫಿ ಲೋಟದ ತಳದಲ್ಲಿ ಉಳಿಯುವಷ್ಟು. ನೋವಿಲ್ಲದೆಯೂ, ಕಣ್ಣಿಗೆ ಕಾಣುವಂಥ ಊತವಿಲ್ಲದೆಯೂ ಸ್ನಾಯು ಮಂಕಾಗಬಲ್ಲದೆಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ತೊಡೆಯಲ್ಲಿ ಮೆತ್ತಗಿರುವ ಜಾಗವೂ ಅದೇ ಒಳಮಗ್ಗುಲು ಎಂಬುದನ್ನು ಗಮನಿಸಿ. ಹಾಗಾಗಿ ನಿಮ್ಮ ಸಂಜೆಯ ಊತವನ್ನು ನಾನು ಹಗುರವಾಗಿ ಕಾಣಲಾರೆ. ಆ ದಿನ ಮಾಡಿದ ಕೆಲಸವನ್ನು ಮಂಡಿ ತಾಳಿಕೊಂಡಿಲ್ಲವೆಂದು ಅದರ ಅರ್ಥ. ವ್ಯಾಯಾಮದ ಮರುದಿನ ಊತ ಏರಿದರೆ ಭಾರವನ್ನು ಇಳಿಸಬೇಕು, ಏರದಿದ್ದರೆ ಮುಂದುವರಿಸಬಹುದು. ನಾನು ದಿನವೂ ಬಳಸುವ ಅಳತೆಗೋಲು ಇದೇ.

ಇಚ್ಛೆಯಿಂದ ಬಿಗಿಯಲಾಗದ ಪಾಲು ಎಷ್ಟೆಂದು ಅಳೆಯುವ ವಿಧಾನವೂ ಇದೆ. ವ್ಯಕ್ತಿ ತನ್ನೆಲ್ಲ ಬಲ ಹಾಕಿ ಸ್ನಾಯುವನ್ನು ಬಿಗಿಹಿಡಿದಿರುವಾಗ ನರಕ್ಕೆ ಒಂದು ಚಿಕ್ಕ ವಿದ್ಯುತ್ ಮಿಡಿತ ಕೊಡುತ್ತಾರೆ; ಆಗ ಬಲ ಮತ್ತಷ್ಟು ಏರಿದರೆ, ಆ ಏರಿದಷ್ಟನ್ನು ವ್ಯಕ್ತಿಗೆ ತಾನಾಗಿ ಬಳಸಲು ಆಗುತ್ತಿರಲಿಲ್ಲವೆಂದು ತಿಳಿಯಬೇಕು. 1954ರಲ್ಲಿ ಮರ್ಟನ್ ಎಂಬ ಶರೀರವಿಜ್ಞಾನಿ ಹೆಬ್ಬೆರಳಿನ ಸ್ನಾಯುವಿನ ಮೇಲೆ ಮಾಡಿ ತೋರಿಸಿದ ಈ ಕ್ರಮವನ್ನೇ ಇಂದು ಎಸಿಎಲ್ ರೋಗಿಗಳ ತೊಡೆಯ ಮೇಲೂ ಬಳಸುತ್ತಾರೆ. ಇಂಥ ಪರೀಕ್ಷೆಗಳಲ್ಲಿ ಪೆಟ್ಟಾಗದ ಕಾಲಿನಲ್ಲೂ ಕೆಲವೊಮ್ಮೆ ಈ ಕೊರತೆ ಕಂಡುಬಂದಿದೆ. ಆದ್ದರಿಂದ ಎಡಗಾಲಿಗೆ ಹೋಲಿಸಿ ಬಲಗಾಲು ಸರಿಯಿದೆ ಎನ್ನುವಾಗ ಎಡಗಾಲೂ ಸೊರಗಿರಬಹುದೆಂಬುದು ನೆನಪಿನಲ್ಲಿರಲಿ.

ಪರಿಹಾರದ ವಿಚಾರ. ತಡೆ ಇರುವಾಗಲೇ ಭಾರ ಎತ್ತಿಸುತ್ತಾ ಹೋದರೆ ದೇಹ ಬೇರೆ ಸ್ನಾಯುಗಳಿಂದ ಕೆಲಸ ಮಾಡಿಸಿಕೊಳ್ಳುತ್ತದೆ, ಕ್ವಾಡ್ರಿಸೆಪ್ಸ್ ಹಾಗೆಯೇ ಮಲಗಿರುತ್ತದೆ. ಮಂಡಿಯ ಸುತ್ತ ಇಪ್ಪತ್ತು ನಿಮಿಷ ಮಂಜುಗಡ್ಡೆ ಇಟ್ಟರೆ ಈ ತಡೆ ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತದೆ. ವ್ಯಾಯಾಮ ಆ ಹೊತ್ತಿನಲ್ಲೇ ಆಗಬೇಕು. ಬಹಳ ಮಂದಿ ಮಂಜುಗಡ್ಡೆಯನ್ನು ವ್ಯಾಯಾಮದ ನಂತರ ಮಾತ್ರ ಇಡುತ್ತಾರೆ. ಎರಡನೆಯದು ವಿದ್ಯುತ್ ಪ್ರಚೋದನೆ. ತೊಡೆಯ ಮೇಲೆ ದೊಡ್ಡ ಪ್ಯಾಡ್‌ಗಳನ್ನು ಅಂಟಿಸಿ, ಸ್ನಾಯು ಕಣ್ಣಿಗೆ ಕಾಣುವಂತೆ ಗಟ್ಟಿಯಾಗಿ ಸೆಟೆಯುವಷ್ಟು ವಿದ್ಯುತ್ ಹಾಯಿಸಿದರೆ ಮಾತ್ರ ಪ್ರಯೋಜನ. ನಾನು ನೋಡಿದ ಹಲವೆಡೆ ಬರೀ ಜುಮ್ಮೆನ್ನುವಷ್ಟು ಹಾಯಿಸಿ ಹತ್ತು ನಿಮಿಷ ಮಲಗಿಸಿ ಕಳುಹಿಸುತ್ತಾರೆ. ಅದರಿಂದ ಬಲ ಬರುವುದಿಲ್ಲ. ಇವೆರಡರ ಜೊತೆಗೆ ನಿಧಾನವಾಗಿ ಏರುವ ಭಾರದ ವ್ಯಾಯಾಮ ವಾರಕ್ಕೆ ಎರಡು ಮೂರು ದಿನವಾದರೂ ನಡೆಯಬೇಕು. ನಿಮ್ಮದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆದ ಕಸಿಯಾದ್ದರಿಂದ, ಕುಳಿತು ಕಾಲು ಚಾಚುವ ಯಂತ್ರದಲ್ಲಿ ಎಷ್ಟು ಕೋನದವರೆಗೆ, ಎಷ್ಟು ಭಾರ ಎಂಬುದನ್ನು ಶಸ್ತ್ರಚಿಕಿತ್ಸಕರನ್ನು ಕೇಳಿಯೇ ನಿರ್ಧರಿಸಿ.

ಎರಡನೆಯ ತಿಂಗಳಿಗೇ ಫಿಸಿಯೋಥೆರಪಿ ನಿಲ್ಲಿಸಿದ್ದು ತಪ್ಪು. ಮಂಡಿ ಮಡಚುವುದು ಮೊದಲ ಮೆಟ್ಟಿಲು ಅಷ್ಟೇ. ಅಲ್ಲದೆ ಪೆಟ್ಟಾದ ಮೇಲೆ ಆರು ತಿಂಗಳು ತೊಡೆ ಸೊರಗಿಯೇ ಇದ್ದು, ಹಾಗೆಯೇ ಶಸ್ತ್ರಚಿಕಿತ್ಸೆಗೆ ಹೋಗಿದ್ದೀರಿ. ಶಸ್ತ್ರಚಿಕಿತ್ಸೆಗೆ ಮೊದಲು ತೊಡೆಯ ಬಲ ಎಷ್ಟು ಕಡಿಮೆಯಿತ್ತೋ, ಎರಡು ವರ್ಷಗಳ ನಂತರವೂ ಅದರ ನೆರಳು ಉಳಿಯುತ್ತದೆಂದು ನಾರ್ವೆಯ ಅಧ್ಯಯನವೊಂದು ತೋರಿಸಿದೆ.

ಉತ್ತರ 2: ಹಳೆಯ ಗೋಲ್‌ಕೀಪರ್, ಪೊನ್ನಂಪೇಟೆ

ಫಿಸಿಯೋ ಮೇಡಂ ಹೇಳಿದ್ದನ್ನು ಗೌರವಿಸುತ್ತೇನೆ. ಆದರೂ ಒಂದು ಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಈ ಕೌಟುಂಬಿಕ ಪಂದ್ಯಾವಳಿ ಆರಂಭವಾದ ಕಾಲದಿಂದಲೂ ನೋಡುತ್ತಿದ್ದೇನೆ. ಮಂಡಿಗೆ ನೀಕ್ಯಾಪ್ ಏರಿಸಿಕೊಂಡು ಆಡಿದವರು ಎಷ್ಟೋ ಮಂದಿ. ವೃತ್ತಿಪರ ಆಟಗಾರರೇ ಆರು ತಿಂಗಳಿಗೆ ಮರಳುತ್ತಾರೆಂದು ಕೇಳಿದ್ದೇನೆ. ಒಕ್ಕದ ಪಂದ್ಯ ವರ್ಷಕ್ಕೊಮ್ಮೆ ಬರುವುದು. ತಮ್ಮನಿಗೆ ನೋವೂ ಇಲ್ಲ. ಪೂರ್ತಿ ಪಂದ್ಯ ಬೇಡ, ಕೊನೆಯ ಹತ್ತು ನಿಮಿಷ ಇಳಿದರೆ ಏನು ತೊಂದರೆ?

ಉತ್ತರ 3: ಫಿಸಿಯೋ, ವಿರಾಜಪೇಟೆ

ಸರ್, ಪಂದ್ಯದ ಸೆಳೆತ ನನಗೂ ಗೊತ್ತು, ನನ್ನ ತವರಿನ ತಂಡವೂ ಆಡುತ್ತದೆ. ಆದರೆ ಲಿಗಮೆಂಟ್ ಹರಿಯುವುದಕ್ಕೆ ಹತ್ತು ನಿಮಿಷ ಬೇಡ. ಪಾದ ನೆಲಕ್ಕೆ ತಾಗಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ನೀಕ್ಯಾಪ್ ಮಂಡಿಯನ್ನು ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ. ಓಡುತ್ತಾ ತಿರುಗುವಾಗಿನ ಹೊರಳನ್ನು ತಡೆಯುವ ಶಕ್ತಿ ಆ ಬಟ್ಟೆಗಿಲ್ಲ.

ಮರಳುವ ಸಮಯದ ಬಗ್ಗೆ ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋ ತಂಡಗಳು ಸೇರಿ, ಎಸಿಎಲ್ ಮರುಜೋಡಣೆಯಾದ 106 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು, ಅಂದರೆ 51 ಪ್ರತಿಶತ, ಇಳಿಯಿತು. ಒಂಬತ್ತರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ತೊಡೆಯ ಬಲ ಮತ್ತು ಒಂಟಿಕಾಲಿನ ಜಿಗಿತದ ಪರೀಕ್ಷೆಗಳಲ್ಲಿ ಇನ್ನೊಂದು ಕಾಲಿನ 90 ಪ್ರತಿಶತ ತಲುಪಿ, ಪ್ರಶ್ನಾವಳಿಗಳಲ್ಲೂ ತೇರ್ಗಡೆಯಾಗಿ ಆಟಕ್ಕೆ ಇಳಿದವರಲ್ಲಿ 5.6 ಪ್ರತಿಶತ ಮಂದಿಗೆ ಮತ್ತೆ ಪೆಟ್ಟಾಯಿತು. ತೇರ್ಗಡೆಯಾಗದೆ ಇಳಿದವರಲ್ಲಿ 38.2 ಪ್ರತಿಶತ. ತೇರ್ಗಡೆಯಾದವರ ಗುಂಪು ಬಹಳ ಚಿಕ್ಕದಾದ್ದರಿಂದ ಈ ಅಂಕಿಗಳನ್ನು ಕಲ್ಲಿನ ಮೇಲಿನ ಗೆರೆಯೆಂದು ನಾನು ಹೇಳುವುದಿಲ್ಲ. ಆದರೆ ಒಂಬತ್ತು ತಿಂಗಳು ಮತ್ತು ತೊಡೆಯ ಬಲ, ಎರಡೂ ಬೇಕು. ತಿಂಗಳನ್ನು ಮಾತ್ರ ಎಣಿಸುವುದು ನಮ್ಮಲ್ಲಿ ನಡೆಯುತ್ತಿರುವ ದೊಡ್ಡ ತಪ್ಪು.

ಜಿಗಿತದ ಪರೀಕ್ಷೆಯಲ್ಲೂ ಒಂದು ಮೋಸವಿದೆ. ಒಂಟಿಕಾಲಿನಲ್ಲಿ ಮುಂದಕ್ಕೆ ಜಿಗಿಯುವಾಗ ದೇಹವನ್ನು ತಳ್ಳುವ ಕೆಲಸದ ಬಹುಪಾಲನ್ನು ಸೊಂಟದ ಕೀಲು ಮತ್ತು ಪಾದದ ಕೀಲುಗಳೇ ಮಾಡುತ್ತವೆ, ಮಂಡಿಯ ಪಾಲು ತೀರ ಸಣ್ಣದು. ಹೀಗಾಗಿ ತೊಡೆ ಸೊರಗಿದವರೂ ದೂರ ಜಿಗಿದು ತೇರ್ಗಡೆಯಾಗಬಲ್ಲರು. ನೇರ ಮೇಲಕ್ಕೆ ಜಿಗಿಸಿದರೆ ಮಂಡಿಯ ಬಣ್ಣ ಬಯಲಾಗುತ್ತದೆ.

ಹಾಕಿ ಆಡುವವರಿಗೆ ಇನ್ನೊಂದು ಸಂಗತಿಯೂ ಮುಖ್ಯ. ಎಸಿಎಲ್ ಹರಿದವರ ಮಿದುಳಿನ ಚಿತ್ರಣಗಳಲ್ಲಿ, ಮಂಡಿ ಆಡಿಸುವಾಗ ದೃಷ್ಟಿಗೆ ಸಂಬಂಧಿಸಿದ ಭಾಗಗಳು ಇತರರಿಗಿಂತ ಹೆಚ್ಚು ಕೆಲಸ ಮಾಡುವುದು ಕಂಡುಬಂದಿದೆ. ಕೀಲಿನಿಂದ ಬರಬೇಕಾದ ಸುದ್ದಿ ಕಡಿಮೆಯಾದಾಗ ಮಿದುಳು ಕಣ್ಣನ್ನು ನೆಚ್ಚಿಕೊಳ್ಳುತ್ತದೆ ಎಂಬುದು ಸಂಶೋಧಕರ ವಿವರಣೆ. ಹಾಕಿಯಲ್ಲಿ ಕಣ್ಣು ಚೆಂಡಿನ ಮೇಲಿರುತ್ತದೆ, ಬೆನ್ನು ಬಾಗಿರುತ್ತದೆ. ಮಂಡಿಯನ್ನು ನೋಡಿಕೊಳ್ಳುವುದಕ್ಕೆ ಯಾರೂ ಇರುವುದಿಲ್ಲ. ಆದ್ದರಿಂದ ಕೊನೆಯ ಹಂತದ ಅಭ್ಯಾಸದಲ್ಲಿ ಚೆಂಡನ್ನು ನೋಡುತ್ತಲೇ, ಇನ್ನೊಬ್ಬರ ಕೂಗಿಗೆ ಸರಿಯಾಗಿ ದಿಕ್ಕು ಬದಲಿಸುವುದನ್ನು ಸೇರಿಸಬೇಕು.

ಉತ್ತರ 4: ತೋಟದ ರೈಟರ್, ಸಿದ್ದಾಪುರ

ಹಾಕಿಗೆ ಸಂಬಂಧಿಸಿದ್ದಲ್ಲದಿದ್ದರೂ ಇದೇ ವಿಷಯವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಕರಿಮೆಣಸು ಕೊಯ್ಯುವಾಗ ಏಣಿಯ ಕೊನೆಯ ಮೆಟ್ಟಿಲಿನಿಂದ ಇಳಿಜಾರಿಗೆ ಕಾಲಿಟ್ಟು ಪಾದ ಹೊರಳಿಸಿಕೊಳ್ಳುವವರು ಪ್ರತಿ ಹಂಗಾಮಿನಲ್ಲೂ ಇದ್ದಾರೆ. ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ನಾಲ್ಕು ದಿನ ಲೈನ್‌ಮನೆಯಲ್ಲಿ ಕುಳಿತು ಕೆಲಸಕ್ಕೆ ಬರುತ್ತಾರೆ. ಮುಂದಿನ ತಿಂಗಳು ಅದೇ ಕಾಲು ಮತ್ತೆ ಉಳುಕುತ್ತದೆ. ನನಗೂ ಮೂರು ಸಲ ಹೀಗಾಯಿತು. ಮೂರನೆಯ ಸಲ ತೋರಿಸಿದ ಫಿಸಿಯೋ ಒಬ್ಬರು, ಲಿಗಮೆಂಟ್‌ನಲ್ಲಿರುವ ನರತುದಿಗಳು ಹಾಳಾದ್ದರಿಂದ ಪಾದ ಎಷ್ಟು ಓರೆಯಾಗಿದೆಯೆಂಬ ಸುದ್ದಿ ಸರಿಯಾಗಿ ತಲುಪುವುದಿಲ್ಲವೆಂದೂ, 1965ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಫ್ರೀಮನ್ ಎಂಬ ವೈದ್ಯರು ಇದನ್ನು ಬರೆದು, ಅಲುಗಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸವನ್ನು ಸೂಚಿಸಿದ್ದರೆಂದೂ ವಿವರಿಸಿದರು. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲಲು ಹೇಳಿದರು, ಆಮೇಲೆ ಕಣ್ಣುಮುಚ್ಚಿ ನಿಲ್ಲಲು. ಮೊದಲ ದಿನ ಕಣ್ಣುಮುಚ್ಚಿದ ಕೂಡಲೇ ಗೋಡೆ ಹಿಡಿದಿದ್ದೆ. ಆರನೆಯ ವಾರಕ್ಕೆ ಮೂವತ್ತು ಎಣಿಸುವಷ್ಟು ನಿಂತೆ. ಆಮೇಲೆ ಎರಡು ಹಂಗಾಮು ಕಳೆದಿವೆ, ಕಾಲು ಹೊರಳಿಲ್ಲ. ಫಿಸಿಯೋ ಮೇಡಂ, ಇದು ನಮ್ಮ ಕೆಲಸಗಾರರಿಗೆಲ್ಲ ಹೇಳಿಕೊಡಬಹುದಾದ ವಿಷಯವೇ?

ಉತ್ತರ 5: ಫಿಸಿಯೋ, ವಿರಾಜಪೇಟೆ

ಅಗತ್ಯವಾಗಿ ಹೇಳಿಕೊಡಿ. ಫ್ರೀಮನ್ ಅವರ ವಿವರಣೆ ಪೂರ್ತಿಯಲ್ಲವೆಂದು ನಂತರದವರು ತಿದ್ದಿದ್ದಾರೆ, ಕಾಲಿನ ಹೊರಮಗ್ಗುಲಿನ ಸ್ನಾಯುಗಳ ಬಲ ಮತ್ತು ಮಿದುಳಿನ ಹೊಂದಾಣಿಕೆಯೂ ಇದರಲ್ಲಿ ಸೇರಿವೆ. ಆದರೆ ಸಮತೋಲನದ ಅಭ್ಯಾಸವು ಒಮ್ಮೆ ಉಳುಕಿದವರ ಕಾಲು ಮತ್ತೆ ಉಳುಕುವುದನ್ನು ತಗ್ಗಿಸುತ್ತದೆಂಬುದು ಹಲವು ಪ್ರಯೋಗಗಳಲ್ಲಿ ದೃಢಪಟ್ಟಿದೆ. ಉಳುಕಿದ ಕೂಡಲೇ, ಹರಡಿನ ಮೂಳೆಯನ್ನು ಒತ್ತಿದಾಗ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೊದಲು ಎಕ್ಸ್‌ರೇ ತೆಗೆಸಿ, ಎಣ್ಣೆ ತಿಕ್ಕಿಸಬೇಡಿ.

ಮರುಪ್ರಶ್ನೆ: ಬಲಬದಿಯ ಹಾಫ್, ನಾಪೋಕ್ಲು

ಎಲ್ಲರಿಗೂ ವಂದನೆಗಳು. ಹತ್ತು ದಿನಗಳಿಂದ ಬೆಳಿಗ್ಗೆ ಮಂಜುಗಡ್ಡೆ ಇಟ್ಟು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವಲ್ ಇಟ್ಟುಕೊಂಡು ಅದನ್ನು ಕೆಳಕ್ಕೆ ಒತ್ತುತ್ತಿದ್ದೇನೆ. ನಿನ್ನೆ ಮೊದಲ ಬಾರಿಗೆ ಬಲ ಹಿಮ್ಮಡಿ ಚಾಪೆಯಿಂದ ಒಂದು ಬೆರಳಿನಷ್ಟು ಮೇಲೆದ್ದಿತು. ತಂಗಿ ಪಕ್ಕದಲ್ಲಿ ಕುಳಿತು ತೊಡೆಯ ಒಳಮಗ್ಗುಲನ್ನು ಬೆರಳಿನಿಂದ ತಟ್ಟುತ್ತಿದ್ದರೆ ಇನ್ನೂ ಚೆನ್ನಾಗಿ ಬಿಗಿಯುತ್ತದೆ. ಶಸ್ತ್ರಚಿಕಿತ್ಸಕರನ್ನು ಮುಂದಿನ ವಾರ ಕಾಣುತ್ತೇನೆ. ತಂಡದ ನಾಯಕರಾದ ನಮ್ಮ ದೊಡ್ಡಪ್ಪನ ಮಗನಿಗೆ ಈ ವರ್ಷ ಆಡುವುದಿಲ್ಲವೆಂದು ತಿಳಿಸಿದ್ದೇನೆ. ಮೊದಲು ಮುನಿಸಿಕೊಂಡರು, ಆಮೇಲೆ 38 ಪ್ರತಿಶತದ ಮಾತು ಹೇಳಿದ್ದಕ್ಕೆ ಸುಮ್ಮನಾದರು. ಬಲ ಅಳೆಯುವ ದೊಡ್ಡ ಯಂತ್ರಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಲೇಬೇಕೇ?

ಉತ್ತರ 6: ಫಿಸಿಯೋ, ವಿರಾಜಪೇಟೆ

ಹೋದರೆ ಒಳ್ಳೆಯದು, ಹೋಗಲೇಬೇಕೆಂದೇನಿಲ್ಲ. ಬಲ ಅಳೆಯುವ, ಕೈಯಲ್ಲಿ ಹಿಡಿಯುವ ಡೈನಮೋಮೀಟರ್ ಅನ್ನು ಬೆಲ್ಟಿನಿಂದ ಮಂಚದ ಕಾಲಿಗೆ ಬಿಗಿದು, ಮಂಡಿಯನ್ನು 90 ಡಿಗ್ರಿಗೆ ಮಡಚಿ ಕೂರಿಸಿ ಅಳೆದರೆ ಸಾಕಷ್ಟು ನಂಬಬಹುದಾದ ಅಂಕಿ ಸಿಗುತ್ತದೆ. ಬೆಲ್ಟ್ ಇಲ್ಲದೆ ಕೈಯಲ್ಲೇ ಒತ್ತಿಹಿಡಿದು ಅಳೆದ ಅಂಕಿಯನ್ನು ನಂಬಬೇಡಿ. ನಿಮ್ಮಂಥ ಆಟಗಾರನ ತೊಡೆಯ ಬಲಕ್ಕೆ ನನ್ನ ಕೈ ತಡೆಯುವುದಿಲ್ಲ. ಏಪ್ರಿಲ್ ಮೊದಲ ವಾರ ಒಮ್ಮೆ, ಜುಲೈ ಆರಂಭದಲ್ಲಿ, ಅಂದರೆ ಒಂಬತ್ತು ತಿಂಗಳು ತುಂಬಿದಾಗ, ಮತ್ತೊಮ್ಮೆ ಅಳೆಯೋಣ. ಎರಡೂ ಕಾಲುಗಳ ಅಂಕಿಗಳನ್ನು ನಿಮ್ಮ ದೇಹದ ತೂಕದೊಂದಿಗೆ ಬರೆದಿಡಿ. ತಂಗಿ ಬೆರಳಿನಿಂದ ತಟ್ಟುವುದನ್ನು ಮುಂದುವರಿಸಲಿ.