ರಾತ್ರಿ 11ರ ನಂತರ ಹುಡುಗರು ಹೊರಗೆ ಇರಬಾರದಾ?

[ಮನೆಯವರ ಗುಂಪಿನಲ್ಲಿ ದೊಡ್ಡಪ್ಪ ಹಂಚಿಕೊಂಡ ಸುದ್ದಿ: ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 2025ರಲ್ಲಿ 18 ತುಂಬದವರಿಗೆ ರಾತ್ರಿ 11ರಿಂದ ಕರ್ಫ್ಯೂ ತಂದರು]

ದೊಡ್ಡಪ್ಪ, ಮೈಸೂರು: ಒಳ್ಳೇ ಕಾನೂನು. ಅಷ್ಟು ಹೊತ್ತಿನಲ್ಲಿ ಹುಡುಗರಿಗೆ ಬೀದಿಯಲ್ಲಿ ಏನು ಕೆಲಸ? ನಮ್ಮಲ್ಲೂ ಬರಬೇಕು.

ನಾನು, ವಾಷಿಂಗ್ಟನ್: ಕೆಲಸ ಇರುತ್ತೆ ದೊಡ್ಡಪ್ಪ. ನನ್ನ ಮಗ, ನಿಮ್ಮ ಮೊಮ್ಮಗ, ಐಸ್‌ಕ್ರೀಂ ಅಂಗಡಿಯ ಕೆಲಸ ಮುಗಿಸಿ ಬರುವಾಗ ಬಸ್ ತಡವಾಯ್ತು. ಸ್ಟಾಪ್‌ನಲ್ಲೇ ಪೊಲೀಸರು ನಿಲ್ಲಿಸಿದರು. ಬ್ಯಾಗಿಂದ ಕೈ ತೆಗಿ ಅಂದರಂತೆ. ಅವನು ಹುಡುಕುತ್ತಿದ್ದದ್ದು ಅಂಗಡಿಯ ಏಪ್ರನ್, ತೋರಿಸೋಣ ಅಂತ. ಮನೆಗೆ ಬಂದಾಗಲೂ ಕೈ ನಡುಗುತ್ತಿತ್ತು.

ಚಿಕ್ಕಪ್ಪ, ಮೇರಿಲ್ಯಾಂಡ್: ಬಿಟ್ಟರು ಅಲ್ವಾ? ಕೆಲಸದಿಂದ ಬರುವವರಿಗೆ ವಿನಾಯಿತಿ ಇದೆ. ಅಪ್ಪ ಅಮ್ಮ ಜೊತೆಗಿದ್ದರೂ ಇದೆ. 2025ರ ಬೇಸಿಗೆಯಲ್ಲಿ ವಾಷಿಂಗ್ಟನ್‌ನ ನೇವಿ ಯಾರ್ಡ್ ಬಡಾವಣೆ ಕಡೆ ಹುಡುಗರ ಗುಂಪು ಸೇರಿ ಎಷ್ಟು ಗಲಾಟೆ ಆಯ್ತು ನೋಡಿದ್ದೀಯಲ್ಲ. ಅದಕ್ಕೇ ಕೆಲವು ಜಾಗಗಳಲ್ಲಿ ರಾತ್ರಿ 8 ಗಂಟೆಯ ಮೇಲೆ ಹುಡುಗರು ಒಂಬತ್ತು ಜನ ಅಥವಾ ಜಾಸ್ತಿ ಸೇರಬಾರದು ಅಂತ ಮಾಡಿದರು.

ದೊಡ್ಡಪ್ಪ: ಸಿಕ್ಕಿಬಿದ್ದರೆ ಜೈಲಾ?

ಚಿಕ್ಕಪ್ಪ: ಇಲ್ಲ ಅಣ್ಣ. ಠಾಣೆಗೆ ಕರೆದುಕೊಂಡು ಹೋಗಿ ಮನೆಯವರನ್ನು ಕರೆಸುತ್ತಾರೆ. ಹುಡುಗನಿಗೆ 25 ಗಂಟೆವರೆಗೆ ಸಮುದಾಯ ಸೇವೆ ಹೇಳಬಹುದು. ಅಪ್ಪ ಅಮ್ಮನಿಗೆ 500 ಡಾಲರ್‌ವರೆಗೆ ದಂಡ.

ಅಕ್ಕ, ಡಲ್ಲಾಸ್: ನಮ್ಮ ಟೆಕ್ಸಾಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಊರುಗಳು ಇಂಥ ಕರ್ಫ್ಯೂ ಹಾಕುವ ಹಾಗೇ ಇಲ್ಲ. ರಾಜ್ಯವೇ ನಿಲ್ಲಿಸಿತು. ಹಳೆಯ ಅಧ್ಯಯನಗಳನ್ನೆಲ್ಲ ಜೋಡಿಸಿ ನೋಡಿದ ಕ್ಯಾಂಪ್‌ಬೆಲ್ ಅನ್ನೋ ಸಂಶೋಧನಾ ಸಂಸ್ಥೆಯ ವರದಿ 2016ರಲ್ಲಿ ಬಂತು. ಕರ್ಫ್ಯೂನಿಂದ ಅಪರಾಧ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ.

ದೊಡ್ಡಪ್ಪ: ವರದಿ ಇರಲಿ. ಅಪ್ಪ ಅಮ್ಮನ ಮಾತು ಕೇಳದವರು ಪೊಲೀಸರಿಗಾದರೂ ಹೆದರಲಿ.

ನಾನು: ನನ್ನ ಮಗ ಹೆದರಿದ ದೊಡ್ಡಪ್ಪ. ಏನೂ ತಪ್ಪು ಮಾಡದೆ ಹೆದರಿದ. ಅದೇ ನನಗೆ ಸಂಕಟ.

ಚಿಕ್ಕಪ್ಪ: ಇನ್ನು ಮೇಲೆ ಶುಕ್ರವಾರ ನಾನೇ ಕಾರು ತರ್ತೀನಿ ಬಿಡು.

ನಾನು: ತನ್ನಿ ಚಿಕ್ಕಪ್ಪ, ತುಂಬಾ ಉಪಕಾರ. ಆದರೆ ಅವನ ಜೊತೆ ಕೆಲಸ ಮಾಡುವ ಹುಡುಗಿ ಇದ್ದಾಳಲ್ಲ, ಅವಳ ಅಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಮನೆಯಲ್ಲಿ ಹದಿಮೂರು ವರ್ಷದ ತಮ್ಮ ಒಬ್ಬನೇ. ಅವನು ಗೆಳೆಯರ ಜೊತೆ ಹೊರಟರೆ ತಡೆಯುವವರು ಯಾರು? ಸರಿಯಾಗಿ ನೋಡಿಕೊಂಡಿಲ್ಲ ಅಂತ ಆ ಅಮ್ಮನ ಮೇಲೇ ದಂಡ ಹಾಕಬಹುದು. ದುಡಿಯಲು ಹೋದದ್ದಕ್ಕೆ!

ದೊಡ್ಡಪ್ಪ: ಆ ತಾಯಿಗೆ ದಂಡ ಹಾಕೋದು ತಪ್ಪು, ಒಪ್ಪಿದೆ. ಆದರೆ ಹದಿಮೂರರ ಹುಡುಗ ಆ ಹೊತ್ತಲ್ಲಿ ಬೀದಿಯಲ್ಲಿ ಇರಬಾರದು. ಅದನ್ನು ನಾನು ಬಿಡಲ್ಲ.

ಅಕ್ಕ: ಇರಬಾರದು ಅಂತ ನಾವೂ ಹೇಳ್ತೀವಿ ದೊಡ್ಡಪ್ಪ. ರಾತ್ರಿ ಆಟದ ಮೈದಾನ, ಲೈಬ್ರರಿ ತೆರೆದಿಡಲಿ. ಹೋಗೋಕೆ ಒಂದು ಜಾಗ ಕೊಡಲಿ ಮೊದಲು.