10 ಸಾವಿರ ಹೆಜ್ಜೆ ಆಗಲ್ಲ ಅಂತ ನಡೆಯೋದನ್ನೇ ಬಿಟ್ಟೆ. ಮತ್ತೆ ಹೇಗೆ ಶುರು ಮಾಡಲಿ?

ಹಾಸನದ ಕ್ಯಾಬ್
ನನಗೆ 46 ವರ್ಷ. 18 ವರ್ಷದಿಂದ ಕ್ಯಾಬ್ ಓಡಿಸುತ್ತಿದ್ದೇನೆ. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತಲ್ಲ, ಆಗ ಮನೆಯವರೆಲ್ಲ ಹೆದರಿಬಿಟ್ಟರು. ಆಮೇಲೆ ಜಯದೇವದ ನಿರ್ದೇಶಕರ ಸಮಿತಿ ಪರಿಶೀಲಿಸಿ, ಹಾಸನದಲ್ಲಿ ಅಸಹಜ ಏರಿಕೆ ಏನೂ ಇಲ್ಲ ಎಂದಿತು. ಆದರೆ ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರೂ ಹಲವರಿದ್ದರು ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಪರೀಕ್ಷೆ ಮಾಡಿಸಿದೆ. ಬಿಪಿ 150/96. ಮಾತ್ರೆ ಕೊಟ್ಟು, ದಿನಾ ನಡೆಯಿರಿ ಎಂದರು. ಮಹಾರಾಜ ಪಾರ್ಕ್‌ನಲ್ಲಿ 11 ದಿನ ನಡೆದೆ. ಮೊಬೈಲ್‌ನಲ್ಲಿ ಗುರಿ 10,000 ಹೆಜ್ಜೆ ಅಂತ ಇತ್ತು, ನನ್ನದು 4,000 ದಾಟಲೇ ಇಲ್ಲ. 12ನೇ ದಿನ ರಾತ್ರಿ 2ಕ್ಕೆ ಏರ್‌ಪೋರ್ಟ್ ಟ್ರಿಪ್ ಬಂತು. ಮಾರನೇ ದಿನವೂ ಆಗಲಿಲ್ಲ. ಈಗ ಶೂ ಮಂಚದ ಕೆಳಗಿದೆ. ದಾರಿ ಹೇಳಿ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಗುರಿ ಇಳಿಸಬೇಡಿ. ನಾನು 9 ವರ್ಷದಿಂದ ಬೆಳಗ್ಗೆ 5ಕ್ಕೆ ಎದ್ದು ನಡೆಯುತ್ತಿದ್ದೇನೆ, ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು. ಒಂದು ದಿನ ಸಡಿಲ ಬಿಟ್ಟರೆ ಮನಸ್ಸು ಹತ್ತು ನೆಪ ಹುಡುಕುತ್ತದೆ. 10,000 ಅಂದರೆ 10,000.

ಸಿಸ್ಟರ್, ಮೈಸೂರು
ಮೇಷ್ಟ್ರೇ, ನಿಮ್ಮ ಶಿಸ್ತಿಗೆ ನಮಸ್ಕಾರ. ಆದರೆ ಆ 10,000 ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದರ ಹೆಸರು ಮಾಂಪೊ-ಕೇ, ಅಂದರೆ 10 ಸಾವಿರ ಹೆಜ್ಜೆಯ ಮೀಟರ್. ಅಲ್ಲಿಂದ ಬಂದ ಸಂಖ್ಯೆ ಇದು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ತಂಡ ಸುಮಾರು 16,700 ವಯಸ್ಸಾದ ಹೆಂಗಸರನ್ನು ಗಮನಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಅಪಾಯ 41% ಕಡಿಮೆ ಇತ್ತು. 7,500ರ ಹತ್ತಿರ ಆ ಲಾಭ ನಿಂತುಬಿಟ್ಟಿತು. ಅವರ ಸರಾಸರಿ ವಯಸ್ಸು 72. 46ರ ಅಣ್ಣನಿಗೆ ಇನ್ನೂ ಜಾಸ್ತಿ ಬೇಕಾಗಬಹುದು, ಒಪ್ಪುತ್ತೇನೆ. ಆದರೆ 4,000 ಹೆಜ್ಜೆ ಸೋಲಲ್ಲ ಅಣ್ಣ. ನೀವು ನಿಲ್ಲಿಸಿದ್ದೇ ತಪ್ಪಾಯಿತು.

ರೊಟ್ಟಿಮನೆ, ಗದಗ
ಮಾಸ್ತರರೇ, ಬೆಳಗ್ಗೆ 5ಕ್ಕೆ ನಮ್ಮ ಮನೆಯಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿಯಲು ಶುರು ಮಾಡಿರುತ್ತೇನೆ. ಆ ಹೊತ್ತಿಗೆ ವಾಕಿಂಗ್ ಹೋಗು ಅಂದರೆ ಡಬ್ಬಿ ಯಾರು ಕಟ್ಟಬೇಕು? ನಾನು ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಪಕ್ಕದ ಮನೆ ಅಕ್ಕನ ಜೊತೆ ಓಣಿಯಲ್ಲಿ ಆರು ಸುತ್ತು ಹಾಕುತ್ತೇನೆ. ಕೈಯಲ್ಲೊಂದು ಕೋಲು, ನಾಯಿಗಳ ಕಾಟ. ಅವರು ಬಾಗಿಲಿಗೆ ಬಂದು ನಿಂತರೆ ನಾನು ಹೋಗಲೇಬೇಕು. ಹಾಗಾಗಿ ಎರಡು ವರ್ಷ ನಡೆದಿದೆ. ಮನೆಗೆಲಸವೂ ಲೆಕ್ಕಕ್ಕೆ ಬರುತ್ತಾ ಸಿಸ್ಟರ್?

ಸಿಸ್ಟರ್, ಮೈಸೂರು
ಬರುತ್ತೆ ಅಕ್ಕ, ಉಸಿರು ಸ್ವಲ್ಪ ಏರಿದರೆ. ಕೂತು ರೊಟ್ಟಿ ಬಡಿಯುವುದು ಕೈಗೆ ಕೆಲಸ, ಹೃದಯಕ್ಕೆ ಅಷ್ಟಿಲ್ಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಇರಬೇಕು ಎಂಬ ಹಳೇ ನಿಯಮವನ್ನೂ 2020ರಲ್ಲಿ ಕೈಬಿಟ್ಟರು. ಐದು ನಿಮಿಷ ಸಿಕ್ಕರೂ ನಡೆಯಿರಿ.

ಅಡಿಕೆ ತೋಟ
ಕ್ಷಮಿಸಿ, ನನಗೆ ಈ ಮಾತಿನಲ್ಲಿ ನಂಬಿಕೆ ಹೋಗಿದೆ. ನಮ್ಮ ಮಾವ ದಿನಾ ಗುಡ್ಡ ಹತ್ತಿ ತೋಟ ಸುತ್ತುತ್ತಿದ್ದರು. ಒಂದು ಚೂರು ಬೊಜ್ಜಿರಲಿಲ್ಲ. 58ಕ್ಕೆ ಹೋಗಿಬಿಟ್ಟರು. ನಡೆದು ಏನು ಬಂತು?

ಸಿಸ್ಟರ್, ಮೈಸೂರು
ಕೇಳಿ ತುಂಬಾ ಬೇಜಾರಾಯಿತು. ಬೀಡಿ ಸೇದುತ್ತಿದ್ದರಾ?

ಅಡಿಕೆ ತೋಟ
ಹೌದು, ಹುಡುಗನಿದ್ದಾಗಿನಿಂದ. ಕೊನೆ ಎರಡು ತಿಂಗಳು ಏರು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ ಎನ್ನುತ್ತಿದ್ದರು. ಒಂದು ಹಲಸಿನ ಮರದ ಕೆಳಗೆ ಕೂರುತ್ತಿದ್ದರು, ಸರಿಹೋಗುತ್ತಿತ್ತು. ಗ್ಯಾಸ್ ಅಂದುಕೊಂಡು ಮನೆಗೆ ಬಂದು ಸೋಡಾ ಕುಡಿಯುತ್ತಿದ್ದರು. ನಾವೂ ಗ್ಯಾಸ್ ಅಂತಲೇ ನಂಬಿದೆವು.

ಸಿಸ್ಟರ್, ಮೈಸೂರು
ಇದನ್ನು ದಯವಿಟ್ಟು ಎಲ್ಲರೂ ಓದಿ. ನಡೆದಾಗ ಬಂದು, ಕೂತಾಗ ಹೋಗುವ ಎದೆ ಬಿಗಿತ ಹೃದಯದ ರಕ್ತನಾಳ ಕಿರಿದಾದ ಲಕ್ಷಣ ಇರಬಹುದು. ಅಂಥವರು ವಾಕಿಂಗ್ ಜಾಸ್ತಿ ಮಾಡುವುದಲ್ಲ, ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಕೂತರೂ ನೋವು ಹೋಗದಿದ್ದರೆ, ಬೆವರು ಕಿತ್ತುಕೊಂಡು ಬಂದರೆ, ಒಂದು ನಿಮಿಷವೂ ಕಾಯಬೇಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬೀಡಿಯ ಹಾನಿಯನ್ನು ನಡಿಗೆ ತೊಳೆದುಹಾಕುವುದಿಲ್ಲ. ಬಿಪಿ ಮಾತ್ರೆಯ ಕೆಲಸವನ್ನೂ ಅದು ಮಾಡುವುದಿಲ್ಲ. ಅಣ್ಣ, ಮಾತ್ರೆ ಬಿಟ್ಟಿಲ್ಲ ತಾನೇ?

ಹಾಸನದ ಕ್ಯಾಬ್
ಇಲ್ಲ ಸಿಸ್ಟರ್, ತಪ್ಪಿಸಿಲ್ಲ. ಬೀಡಿ ಸಿಗರೇಟಿಲ್ಲ. ಎದೆನೋವೂ ಇಲ್ಲ.

ಲೆಕ್ಕದ ಪುಸ್ತಕ
ಡ್ರೈವರಣ್ಣನಿಗೆ ಹೇಳಲೇಬೇಕಾದ ಒಂದು ವಿಷಯ ಇದೆ. 1953ರಲ್ಲಿ ಲಂಡನ್‌ನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರುಗಳನ್ನು ಹೋಲಿಸಿದರು. ಬಸ್ ಅದೇ, ರೂಟ್ ಅದೇ. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಡ್ರೈವರುಗಳಲ್ಲೇ ಜಾಸ್ತಿ ಇತ್ತು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರಿರಬಹುದಲ್ಲ? ಆಗ ಕೂತಿದ್ದೇ ಕಾರಣ ಅಂತ ಹೇಗೆ ಹೇಳುತ್ತೀರಿ?

ಲೆಕ್ಕದ ಪುಸ್ತಕ
ಒಳ್ಳೇ ಪ್ರಶ್ನೆ. ಮಾರಿಸ್ ಅವರೂ ಅದನ್ನೇ ಕೇಳಿಕೊಂಡು, ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆಗಳನ್ನು ತರಿಸಿ ನೋಡಿದರು. ಡ್ರೈವರುಗಳ ಸೊಂಟ ದೊಡ್ಡದೇ ಇತ್ತು. ಆದರೆ ತೆಳ್ಳಗಿನವರನ್ನು ತೆಳ್ಳಗಿನವರ ಜೊತೆ, ದಪ್ಪಗಿನವರನ್ನು ದಪ್ಪಗಿನವರ ಜೊತೆ ಹೋಲಿಸಿದಾಗಲೂ ಕಂಡಕ್ಟರುಗಳೇ ಮೇಲು. ಅಣ್ಣ, ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಕಾಯುವಾಗ ಏನು ಮಾಡುತ್ತೀರಿ?

ಹಾಸನದ ಕ್ಯಾಬ್
ಸೀಟು ಹಿಂದಕ್ಕೆ ಮಾಡಿ ಮೊಬೈಲ್ ನೋಡುತ್ತೇನೆ. ಕೆಲವು ಸಲ ಎರಡು ಗಂಟೆ.

ರೊಟ್ಟಿಮನೆ, ಗದಗ
ಅದೇ ನಿಮ್ಮ ಪಾರ್ಕು ಅಣ್ಣಾ! ಪಾರ್ಕಿಗೆ ಹೋಗಲು ಬಿಡುವು ಹುಡುಕಬೇಡಿ. ಗಾಡಿ ನಿಲ್ಲಿಸಿದ ತಕ್ಷಣ ಇಳಿದು ನಡೆಯಿರಿ, ಕೂತರೆ ಏಳುವುದಿಲ್ಲ. ಆದರೆ ರಾತ್ರಿ ಓಡಿಸಿ ನಿದ್ದೆ ಬರುತ್ತಿದ್ದರೆ ಸುಮ್ನೆ ಮಲಗಿ. ವಾಪಸ್ ಓಡಿಸಬೇಕಲ್ವಾ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಈ ಮಾತು ಒಪ್ಪಿದೆ. ನನ್ನ 5 ಗಂಟೆ ಪಿಂಚಣಿಯವನ 5 ಗಂಟೆ, ಅದನ್ನು ನಾನು ಯೋಚಿಸಿರಲಿಲ್ಲ. ಒಂದು ದಿನ ತಪ್ಪಲಿ, ಎರಡನೇ ದಿನ ಮಾತ್ರ ತಪ್ಪಿಸಬೇಡಿ. ಅಲ್ಲೇ ನಿಮ್ಮ ಕೈ ಜಾರಿದ್ದು.

ಹಾಸನದ ಕ್ಯಾಬ್ (ನಾಲ್ಕು ದಿನದ ನಂತರ)
ಶೂ ಈಗ ಡಿಕ್ಕಿಯಲ್ಲಿದೆ. ನಾಲ್ಕರಲ್ಲಿ ಮೂರು ದಿನ ನಡೆದೆ. ಇವತ್ತು ಪಾರ್ಕಿಂಗ್‌ನಲ್ಲಿ 22 ನಿಮಿಷ. ಮೊಬೈಲ್ ಕಾರಲ್ಲೇ ಬಿಟ್ಟಿರಲಿಲ್ಲ, ಪ್ಯಾಸೆಂಜರ್ ಕರೆ ಬರಬಹುದು ಅಂತ. ಹೆಜ್ಜೆ ಮಾತ್ರ ನೋಡಲಿಲ್ಲ. ಎದೆಯಲ್ಲಿ ಏನೂ ಆಗಲಿಲ್ಲ, ಮೀನಖಂಡ ಹಿಡಿದುಕೊಂಡಿದೆ. ಅದಕ್ಕೇನು ಮಾಡಲಿ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಎರಡೂ ಕೈ ಕಾರಿಗೆ ಒತ್ತಿ, ಒಂದು ಕಾಲು ಹಿಂದೆ ಚಾಚಿ. ಹಿಮ್ಮಡಿ ನೆಲ ಬಿಡಬಾರದು. 30 ಎಣಿಸಿ, ಕಾಲು ಬದಲಿಸಿ. ನಾಳೆ ಮೊದಲ ಐದು ನಿಮಿಷ ನಿಧಾನವಾಗಿ ನಡೆಯಿರಿ.